ಬಾಗಿಲು ದೊಡ್ಡದಾದ ಮಾತ್ರಕ್ಕೆ

ಟ್ರಕ್ಕಿನ ಇಂಜಿನ್ನಿಗೆ ಎಷ್ಟು ಮಿಲಿಮೀಟರಿನ ಥ್ರಾಟಲ್ ಬಾಡಿ ಇರಬೇಕು ಎಂಬ ವಿಷಯಕ್ಕೆ ಈ ಸಂಚಿಕೆಯಲ್ಲಿ ಎರಡು ಪುಟ ಕೊಡಿ ಎಂದು ಕೇಳಿದಾಗ ಸಂಪಾದಕ ಮಿತ್ರರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಕಾಡು, ಹೊಳೆ, ಗಣಿ, ಅಣೆಕಟ್ಟುಗಳನ್ನು ಕುರಿತು ಬರೆಯುವ ಪತ್ರದಲ್ಲಿ ಇಂಜಿನ್ನಿಗೇನು ಕೆಲಸ ಎಂಬುದು ಅವರ ಸಂದೇಹ. ಆ ಸಂದೇಹದಲ್ಲೇ ನಮ್ಮ ಒಂದು ದೊಡ್ಡ ತಪ್ಪು ಅಡಗಿದೆ ಎಂದು ನನ್ನ ವಾದ. ಪರಿಸರದ ಹೆಸರಿನಲ್ಲಿ ನಾವು ವಾಹನವನ್ನು ಬೈಯುವುದನ್ನು ಕಲಿತೆವೇ ಹೊರತು ಅದರ ಬಾನೆಟ್ಟನ್ನು ಎತ್ತಿ ನೋಡುವುದನ್ನು ಕಲಿಯಲಿಲ್ಲ. ನಾವು ನೋಡದೆ ಬಿಟ್ಟ ಜಾಗಕ್ಕೆ ಪೇಟೆಯ ವರ್ಕ್‌ಶಾಪಿನವನು ಬಂದು ಕುಳಿತ. ನಮ್ಮ ಹುಡುಗರಿಗೆ ಇಂದು ಯಂತ್ರವಿಜ್ಞಾನದ ಗುರು ಅವನೇ. ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಇಂಜಿನ್ನಿನ ಪಾಠ ಹೇಳಿದವನಾಗಿ ಈ ಮಾತನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಒಂದೇ ವಾರದೊಳಗೆ ನನ್ನ ಮುಂದೆ ಎರಡು ಪ್ರಶ್ನೆಗಳು ಬಂದವು. ಮೊದಲನೆಯದು ಅಮೆರಿಕದ ಟೆಕ್ಸಾಸಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗನದು. ಆತ ಅಲ್ಲಿ 2002ರ ಮಾದರಿಯ ಹಳೆಯ ಷೆವರ್ಲೆ ಸಿಲ್ವೆರಾಡೋ ಪಿಕಪ್ ಟ್ರಕ್ಕೊಂದನ್ನು ಕೊಂಡಿದ್ದಾನೆ. 5.3 ಲೀಟರಿನ, ಎಂಟು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಅದರ 78 ಮಿಲಿಮೀಟರಿನ ಥ್ರಾಟಲ್ ಬಾಡಿಯನ್ನು ತೆಗೆದು 102 ಮಿಲಿಮೀಟರಿನದನ್ನು ಹಾಕಿದರೆ ಶಕ್ತಿ ಹೆಚ್ಚುತ್ತದೆಂದು ಅಂಗಡಿಯವನು ಹೇಳಿದ್ದಾನೆ, ಹಾಕಿಸಲೇ ಮಾವ ಎಂದು ಕೇಳಿದ. ಎರಡನೆಯ ಪ್ರಶ್ನೆ ನಮ್ಮ ಪಕ್ಕದ ಹಳ್ಳಿಯದು. ಅಡಿಕೆ, ಗೊಬ್ಬರ, ಕೆಲವೊಮ್ಮೆ ಮದುವೆಯ ಪಾತ್ರೆಗಳನ್ನು ಸಾಗಿಸಿ ಜೀವನ ನಡೆಸುವ ತರುಣನೊಬ್ಬನ ಡೀಸೆಲ್ ಪಿಕಪ್ ಘಾಟಿ ಹತ್ತುವಾಗ ಸೋಲುತ್ತಿತ್ತು. ಪೇಟೆಯ ವರ್ಕ್‌ಶಾಪಿನವರು ‘ಥ್ರಾಟಲ್ ದೊಡ್ಡದು ಮಾಡೋಣ, ಇಜಿಆರ್ ಮುಚ್ಚೋಣ’ ಎಂದು ಹದಿನೆಂಟು ಸಾವಿರ ರೂಪಾಯಿಯ ಲೆಕ್ಕ ಕೊಟ್ಟು, ಅರ್ಧ ಹಣ ಮುಂಗಡ ಪಡೆದು, ಅರ್ಧ ಕೆಲಸವನ್ನೂ ಮುಗಿಸಿದ್ದರು.

ಎರಡು ಖಂಡಗಳು, ಎರಡು ಇಂಧನಗಳು, ಮಾರಾಟದ ಮಾತು ಮಾತ್ರ ಒಂದೇ: ದೊಡ್ಡದಾದಷ್ಟೂ ಒಳ್ಳೆಯದು!

ಮೊದಲು ಈ ವಸ್ತು ಏನೆಂಬುದನ್ನು ತಿಳಿಯೋಣ. ಪೆಟ್ರೋಲ್ ಇಂಜಿನ್ ಉಸಿರಾಡುವ ದಾರಿಯಲ್ಲಿ, ಗಾಳಿ ಸೋಸುವ ಫಿಲ್ಟರಿಗೂ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿಗೂ ನಡುವೆ ಒಂದು ದುಂಡನೆಯ ಲೋಹದ ಕಂಠವಿರುತ್ತದೆ. ಅದರೊಳಗೆ ನಾಣ್ಯದಂತಹ ಒಂದು ತಗಡು, ತಗಡಿನ ನಡುವೆ ಒಂದು ಅಚ್ಚು. ಆಕ್ಸಿಲರೇಟರನ್ನು ತುಳಿದಾಗ ಈ ತಗಡು ವಾಲಿ ದಾರಿ ತೆರೆಯುತ್ತದೆ. ಇಷ್ಟೇ ಥ್ರಾಟಲ್ ಬಾಡಿ. ನಮ್ಮ ಗದ್ದೆಯ ಹರಣಿಗೆ ಇಟ್ಟ ಹಲಗೆಯನ್ನು ನೆನೆಯಿರಿ. ಹಲಗೆ ಎತ್ತಿದರೆ ನೀರು ಬರುತ್ತದೆ ನಿಜ. ಆದರೆ ತೋಡಿನಲ್ಲಿ ಬರುವ ನೀರೇ ಒಂದು ಮೊಳವಾದಾಗ ಹಲಗೆಯನ್ನು ಮೂರು ಮೊಳ ಅಗಲ ಮಾಡಿದವನ ಗದ್ದೆಗೆ ಒಂದು ಹನಿಯೂ ಹೆಚ್ಚು ಸೇರದು. ಗಾಳಿಯನ್ನು ಎಳೆಯುವುದು ಪಿಸ್ಟನ್, ಬಾಗಿಲಲ್ಲ. ಬಾಗಿಲಿಗೆ ತಡೆಯುವುದಷ್ಟೇ ಗೊತ್ತು. ಪೂರ್ತಿ ತೆರೆದ ಬಾಗಿಲು ಇನ್ನೂ ತಡೆಯುತ್ತಿದೆಯೇ, ತಡೆಯುತ್ತಿದ್ದರೆ ಎಷ್ಟು ಎಂಬುದೊಂದೇ ಕೇಳಬೇಕಾದ ಪ್ರಶ್ನೆ. ಅದನ್ನು ಕೇಳುವ ಅಂಗಡಿಯವನನ್ನು ನಾನು ಈವರೆಗೂ ಕಂಡಿಲ್ಲ.

ವಿದ್ಯಾರ್ಥಿ ಗೆಳೆಯರು ಒಂದು ಚೂರು ಕಾಗದ ತೆಗೆದುಕೊಳ್ಳಲಿ. ಫೋರ್ ಸ್ಟ್ರೋಕ್ ಇಂಜಿನ್ ತನ್ನ ಪೂರ್ಣ ಗಾತ್ರದ ಗಾಳಿಯನ್ನು ಎರಡು ಸುತ್ತಿಗೊಮ್ಮೆ ಮಾತ್ರ ಸೇದುತ್ತದೆ. ನನ್ನ ಸೋದರಳಿಯನ ಇಂಜಿನ್ ಕಾರ್ಖಾನೆಯ ಲೆಕ್ಕದಂತೆ 285 ಅಶ್ವಶಕ್ತಿಯದು, ಅದೂ ನಿಮಿಷಕ್ಕೆ 5,200 ಸುತ್ತಿನ ಆಸುಪಾಸಿನಲ್ಲಿ. ಉದಾರವಾಗಿ 5,500 ಎಂದೇ ಇಟ್ಟುಕೊಳ್ಳೋಣ. ಅಲ್ಲಿಗೆ ನಿಮಿಷಕ್ಕೆ 2,750 ಉಸಿರು. ಅದನ್ನು 5.3 ಲೀಟರಿನಿಂದ ಗುಣಿಸಿ. ಸಿಲಿಂಡರುಗಳು ನೂರಕ್ಕೆ ನೂರು ತುಂಬುವುದಿಲ್ಲವಾದ್ದರಿಂದ ನೂರಕ್ಕೆ ಎಂಬತ್ತೈದನ್ನು ಹಿಡಿಯಿರಿ. ಸೆಕೆಂಡಿಗೆ ಸುಮಾರು 206 ಲೀಟರ್ ಗಾಳಿ. 78 ಮಿಲಿಮೀಟರ್ ಕಂಠದ ವಿಸ್ತೀರ್ಣ ಸುಮಾರು 48 ಚದರ ಸೆಂಟಿಮೀಟರ್. ಗಾಳಿ ಅಲ್ಲಿ ಸೆಕೆಂಡಿಗೆ 43 ಮೀಟರ್ ವೇಗದಲ್ಲಿ ನುಗ್ಗಬೇಕಾಗುತ್ತದೆ. ಆ ವೇಗಕ್ಕೆ ಗಾಳಿಯನ್ನು ಓಡಿಸಲು ತಗಲುವ ಒತ್ತಡ 1.1 ಕಿಲೋಪ್ಯಾಸ್ಕಲ್. ವಾತಾವರಣದ ಒತ್ತಡವೇ ಸಮುದ್ರಮಟ್ಟದಲ್ಲಿ 101 ಕಿಲೋಪ್ಯಾಸ್ಕಲ್ ಇರುವಾಗ ಈ ಕಂಠ ಕೇಳುವ ಸುಂಕ ನೂರಕ್ಕೆ ಒಂದರಷ್ಟು. ಈಗ 102 ಮಿಲಿಮೀಟರಿನದನ್ನು ಹಾಕಿ. ವಿಸ್ತೀರ್ಣ 82 ಚದರ ಸೆಂಟಿಮೀಟರ್, ವೇಗ 25 ಮೀಟರ್, ಸುಂಕ ಸುಮಾರು 0.4 ಕಿಲೋಪ್ಯಾಸ್ಕಲ್. ಉಳಿತಾಯ 0.7. ಎಂದರೆ 285ರಲ್ಲಿ ಹೆಚ್ಚೆಂದರೆ ಎರಡು ಅಶ್ವಶಕ್ತಿ. ತಗಡು ಮತ್ತು ಅಚ್ಚು ಅಡ್ಡ ನಿಲ್ಲುವುದರಿಂದ ಬೇಕಾದರೆ ಇದನ್ನು ಇಮ್ಮಡಿ ಮಾಡಿಕೊಳ್ಳಿ. ನಾಲ್ಕು! ಅದೂ ಕಾಲನ್ನು ನೆಲಕ್ಕೊತ್ತಿ, ಇಂಜಿನ್ ಅರಚುತ್ತಿರುವ ಆ ಕ್ಷಣದಲ್ಲಿ ಮಾತ್ರ. ಸಾಮಾನ್ಯ ಓಡಾಟದಲ್ಲಿ ಬಾಗಿಲು ಅರೆ ತೆರೆದೇ ಇರುತ್ತದೆ. ಅರೆ ತೆರೆದ ಬಾಗಿಲಿನ ಚೌಕಟ್ಟು ಎಷ್ಟು ದೊಡ್ಡದಾದರೇನು?

ಹಾಗಾದರೆ ದೊಡ್ಡ ಥ್ರಾಟಲ್ ಹಾಕಿಸಿಕೊಂಡವರೆಲ್ಲ ‘ಗಾಡಿ ಹಾರುತ್ತದೆ’ ಎನ್ನುವುದು ಸುಳ್ಳೇ? ಅವರು ಸುಳ್ಳು ಹೇಳುತ್ತಿಲ್ಲ, ಅವರ ಪಾದ ಸುಳ್ಳು ಹೇಳುತ್ತಿದೆ. 102ರ ಕಂಠದ ವಿಸ್ತೀರ್ಣ 78ರದಕ್ಕಿಂತ 1.7 ಪಟ್ಟು. ಪೆಡಲನ್ನು ಮೊದಲಿನಷ್ಟೇ ತುಳಿದರೆ ತಗಡು ಮೊದಲಿನಷ್ಟೇ ವಾಲುತ್ತದೆ, ಆದರೆ ಬಿಡುವ ಗಾಳಿ 1.7 ಪಟ್ಟು. ಹಿಂದೆ ಒಂದು ಅಂಗುಲ ತುಳಿದರೆ ಸಿಗುತ್ತಿದ್ದುದು ಈಗ ಅರ್ಧ ಅಂಗುಲಕ್ಕೇ ಸಿಗುತ್ತದೆ. ಚಾಲಕ ಇದನ್ನು ಶಕ್ತಿಯೆಂದು ಭ್ರಮಿಸುತ್ತಾನೆ. ಒದ್ದೆ ತಿರುವಿನಲ್ಲಿ, ಕೆಸರಿನಲ್ಲಿ, ಕಡಿದಾದ ಏರಿನಲ್ಲಿ ನಯವಾಗಿ ಗಾಳಿ ಬಿಡಬೇಕಾದಾಗ ಅದೇ ಬಾಗಿಲು ಧಡಕ್ಕನೆ ತೆರೆದುಕೊಂಡು ಚಕ್ರ ಜಾರಿಸುತ್ತದೆ. ಬೆಟ್ಟದ ದಾರಿಯಲ್ಲಿ ಗಾಡಿ ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ತಮಾಷೆಯಿದೆ. ಮ್ಯಾನಿಫೋಲ್ಡಿನ ಬಾಯಿ 78 ಮಿಲಿಮೀಟರಿನದಾಗಿಯೇ ಉಳಿದು ಅದರ ಮುಂದೆ ಅಡಾಪ್ಟರ್ ಇಟ್ಟು 102ರ ಕಂಠ ಕೂಡಿಸುವವರಿದ್ದಾರೆ. ಹಿತ್ತಿಲ ಬಾಗಿಲು ಹಾಗೇ ಇರಲಿ, ಹೆಬ್ಬಾಗಿಲನ್ನು ಮಾತ್ರ ಅರಮನೆಯದಾಗಿಸಿ ಎಂದಂತೆ. ಗಾಳಿ ಎರಡನ್ನೂ ದಾಟಲೇಬೇಕು, ಸುಂಕ ಎಲ್ಲಿದ್ದರೂ ಸುಂಕವೇ.

ನಾನು ದೊಡ್ಡ ಥ್ರಾಟಲಿನ ಕಡುವೈರಿಯೇನಲ್ಲ. ಇಂಜಿನ್ ನಿಜವಾಗಿಯೂ ಬದಲಾಗಿದ್ದರೆ ಕಂಠವೂ ಬದಲಾಗಬೇಕಾದೀತು. ಅದೇ ಅಮೆರಿಕದಲ್ಲಿ 6 ಲೀಟರಿನ ಟ್ರಕ್ ಇಂಜಿನ್ನನ್ನು ಕೊರೆದು, ಉದ್ದ ಹೊಡೆತದ ಕ್ರ್ಯಾಂಕ್ ಹಾಕಿ 6.7 ಲೀಟರ್ ಮಾಡುವವರಿದ್ದಾರೆ. ಕ್ಯಾಮ್, ಸಿಲಿಂಡರ್ ಹೆಡ್ ಎಲ್ಲವನ್ನೂ ಬದಲಿಸಿ ಅದನ್ನು 6,500 ಸುತ್ತಿನವರೆಗೆ ಓಡಿಸುತ್ತಾರೆ. ಸಿಲಿಂಡರ್ ಪೂರ್ತಿ ತುಂಬಿತೆಂದೇ ಲೆಕ್ಕ ಹಾಕಿದರೆ ಆ ಇಂಜಿನ್ನಿಗೆ ಸೆಕೆಂಡಿಗೆ ಸುಮಾರು 363 ಲೀಟರ್ ಗಾಳಿ ಬೇಕು. ಅದಕ್ಕೆ 78ರ ಕಂಠ ಕೇಳುವ ಸುಂಕ 3.5 ಕಿಲೋಪ್ಯಾಸ್ಕಲ್. 90ರದ್ದನ್ನು ಹಾಕಿದರೆ ಅದು 2ಕ್ಕೆ ಇಳಿಯುತ್ತದೆ. ಇಲ್ಲಿ 90 ಮಿಲಿಮೀಟರ್ ನ್ಯಾಯವಾದ ಆಯ್ಕೆ. ಅಲ್ಲಿಂದ 102ಕ್ಕೆ ಹೋದರೆ ಮತ್ತೆ ಉಳಿಯುವುದು 0.8 ಮಾತ್ರ. ಮೊದಲ ಹೆಜ್ಜೆಗೆ ಫಲವಿದೆ, ಎರಡನೆಯದು ಅಂಗಡಿಯವನ ಫಲ.

ಲೆಕ್ಕ ಬೇಡವೆನ್ನುವವರು ಅಳೆಯಲಿ. ಮ್ಯಾನಿಫೋಲ್ಡಿನ ಒತ್ತಡವನ್ನು ಅಳೆಯುವ ಸೆನ್ಸರ್ ಆ ಟ್ರಕ್ಕಿನಲ್ಲಿ ಮೊದಲಿಂದಲೂ ಇದೆ, ಅದನ್ನು ಓದುವ ಸ್ಕ್ಯಾನರ್ ಹೊಸ ಥ್ರಾಟಲಿನ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುತ್ತದೆ. ಇಂಜಿನ್ ಚಾಲೂ ಮಾಡದೆ ಕೀ ತಿರುಗಿಸಿದಾಗ ತೋರುವುದು ಹೊರಗಿನ ಗಾಳಿಯ ಒತ್ತಡ. ಬಳಿಕ ಜನರಿಲ್ಲದ, ಸುರಕ್ಷಿತವಾದ ಜಾಗದಲ್ಲಿ, ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಓದುತ್ತಿರುವಾಗ, ಥ್ರಾಟಲನ್ನು ಪೂರ್ತಿ ತೆರೆದು ಇಂಜಿನ್ನನ್ನು ಮೇಲಿನ ಸುತ್ತಿಗೆ ಒಯ್ಯಬೇಕು. ಎರಡು ಅಂಕಿಗಳ ನಡುವಿನ ಅಂತರವೇ ಗಾಳಿಯ ದಾರಿ ಕೇಳುತ್ತಿರುವ ಒಟ್ಟು ಸುಂಕ. ಅದು ಎರಡು ಕಿಲೋಪ್ಯಾಸ್ಕಲ್ಲಿನೊಳಗಿದ್ದರೆ ಕಂಠಕ್ಕೆ ಕೈ ಹಚ್ಚಬೇಡಿ ಎಂಬುದು ನನ್ನ ಮತ. ಹೆಚ್ಚಿದ್ದರೂ ತಪ್ಪು ಕಂಠದ್ದೇ ಎಂದು ತೀರ್ಮಾನಿಸಬೇಡಿ. ಆ ಸುಂಕದಲ್ಲಿ ಧೂಳು ತುಂಬಿದ ಫಿಲ್ಟರಿನ, ಅದರ ಮುಂದಿನ ಕೊಳವೆಯ ಪಾಲೂ ಇರುತ್ತದೆ. ಸೋದರಳಿಯ ಅಳೆದು ತಿಳಿಸಿದ: ಕೀ ತಿರುಗಿಸಿದಾಗ 99, ಪೂರ್ತಿ ತುಳಿದಾಗ 95. ಫಿಲ್ಟರ್ ಬದಲಿಸು ಎಂದೆ. 97ಕ್ಕೆ ಬಂತು. ಎರಡೂವರೆ ಸೆಂಟಿಮೀಟರ್ ಹೆಚ್ಚು ಬಾಯಿಯ ಕಂಠಕ್ಕೆ ಮುನ್ನೂರು ಡಾಲರ್ ಕೊಡಹೊರಟವನ ಸಮಸ್ಯೆಯ ಅರ್ಧ ಪಾಲು ಕೊಳೆಯಾದ ಕಾಗದದಲ್ಲಿತ್ತು.

ಮಲೆನಾಡಿನ ಕೆಲವು ಗೆಳೆಯರು ಇನ್ನೊಂದು ವಾದ ಮುಂದಿಡುತ್ತಾರೆ. ಎತ್ತರದಲ್ಲಿ ಗಾಳಿ ತೆಳು, ಆದ್ದರಿಂದ ಬಾಗಿಲು ದೊಡ್ಡದಿರಬೇಕು ಎಂದು. ಗಾಳಿ ತೆಳುವಾಗುವುದು ನಿಜ. ಮುಳ್ಳಯ್ಯನಗಿರಿಯ ತುದಿಯಲ್ಲಿ, ಸುಮಾರು 1,900 ಮೀಟರ್ ಎತ್ತರದಲ್ಲಿ, ಸಮುದ್ರಮಟ್ಟಕ್ಕಿಂತ ಗಾಳಿಯ ಸಾಂದ್ರತೆ ಆರರಲ್ಲಿ ಒಂದು ಪಾಲು ಕಡಿಮೆ. ಆದರೆ ಪಿಸ್ಟನ್ ಸೇದುವ ಗಾತ್ರ ಬದಲಾಗುವುದಿಲ್ಲ. ಗಾಳಿ ಹಗುರಾದಷ್ಟೂ ಕಂಠವನ್ನು ದಾಟುವ ಸುಂಕವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಬೆಟ್ಟದ ಮೇಲೆ ಇಂಜಿನ್ ಸೋಲುವುದು ಬಾಗಿಲು ಕಿರಿದಾದ್ದಕ್ಕಲ್ಲ, ಹೊರಗೆ ಗಾಳಿಯೇ ಕಡಿಮೆಯಾದ್ದಕ್ಕೆ. ಅದನ್ನು ತುಂಬಿಕೊಡಬಲ್ಲದ್ದು ಗಾಳಿಯನ್ನು ಒತ್ತಿ ತುರುಕುವ ಟರ್ಬೊ, ದೊಡ್ಡ ಬಾಯಿಯಲ್ಲ.

ಈಗ ನಮ್ಮ ಘಾಟಿಗೆ ಬರುತ್ತೇನೆ. ಇಲ್ಲಿ ಮೋಸ ಇನ್ನೂ ಆಳವಾಗಿದೆ. ಅಮೆರಿಕದ ಪಿಕಪ್‌ಗಳಲ್ಲಿ ಹೆಚ್ಚಿನವು ಪೆಟ್ರೋಲಿನವು, ಅಲ್ಲಿ ಥ್ರಾಟಲ್ ಬಾಡಿಯ ಮಾತಿಗೆ ಅರ್ಥವಾದರೂ ಇದೆ. ನಮ್ಮ ಘಾಟಿಯಲ್ಲಿ ಸರಕು ಹೊರುವ ಲಾರಿ, ಪಿಕಪ್, ಜೀಪುಗಳಲ್ಲಿ ಬಹುಪಾಲು ಡೀಸೆಲ್ಲಿನವು. ಡೀಸೆಲ್ ಇಂಜಿನ್ನಿನ ಶಕ್ತಿಯನ್ನು ಗಾಳಿಯ ಬಾಗಿಲು ನಿಯಂತ್ರಿಸುವುದೇ ಇಲ್ಲ! ಅದು ಪ್ರತಿ ಉಸಿರಿಗೂ ಹೊಟ್ಟೆ ತುಂಬ ಗಾಳಿ ಸೇದುತ್ತದೆ. ಪೆಡಲ್ ನಿರ್ಧರಿಸುವುದು ಎಷ್ಟು ಡೀಸೆಲ್ ಚಿಮ್ಮಬೇಕು ಎಂಬುದನ್ನು ಮಾತ್ರ. ಹಳೆಯ ಜೀಪುಗಳಲ್ಲಿ ಅಂತಹ ತಗಡನ್ನು ಹುಡುಕಿದರೂ ಸಿಗದು. ಇಳಿಜಾರಿನಲ್ಲಿ ಪೆಟ್ರೋಲ್ ಗಾಡಿ ಕಾಲು ತೆಗೆದೊಡನೆ ತಾನಾಗಿ ಬಿಗಿ ಹಿಡಿಯುವುದು ಮುಚ್ಚಿದ ಥ್ರಾಟಲಿನ ಹಿಂದೆ ನಿರ್ವಾತ ಉಂಟಾಗುವುದರಿಂದ. ಡೀಸೆಲ್ಲಿಗೆ ಆ ಹಿಡಿತ ಇಲ್ಲದ ಕಾರಣವೇ ದೊಡ್ಡ ಲಾರಿಗಳಲ್ಲಿ ಎಕ್ಸಾಸ್ಟ್ ಬ್ರೇಕ್ ಇಟ್ಟಿರುವುದು. ಹೊಸ ತಲೆಮಾರಿನ ಡೀಸೆಲ್ಲುಗಳಲ್ಲಿ ಥ್ರಾಟಲಿನಂತಹ ಕವಾಟ ಇರುವುದುಂಟು. ಅದರ ಕೆಲಸವೇ ಬೇರೆ. ಹೊಗೆಯ ಒಂದು ಪಾಲನ್ನು ಮರಳಿ ಸಿಲಿಂಡರಿಗೆ ಕಳುಹಿಸುವ ಇಜಿಆರ್ ವ್ಯವಸ್ಥೆಗೆ ನೆರವಾಗುವುದು, ಮಸಿ ಹಿಡಿಯುವ ಡಿಪಿಎಫ್ ಸೋಸುಗವನ್ನು ಕಾಯಿಸಿ ಶುಚಿಗೊಳಿಸುವುದು, ಇಂಜಿನ್ ಆರಿಸುವಾಗ ನಡುಗದಂತೆ ಗಾಳಿ ಕಟ್ಟುವುದು. ಪೂರ್ಣಭಾರದಲ್ಲಿ ಅದು ತೆರೆದೇ ಇರುತ್ತದೆ.

ಇಂತಹ ಗಾಡಿಗೆ ‘ದೊಡ್ಡ ಥ್ರಾಟಲ್’ ಎಂದರೇನು? ಆ ತರುಣನ ಪಿಕಪ್ಪಿನಲ್ಲಿ ಅವರು ಮಾಡಿದ್ದು ಆ ಕವಾಟವನ್ನು ಕಿತ್ತುಹಾಕಿದ್ದು, ಇಜಿಆರ್ ದಾರಿಗೆ ತಗಡು ಬಡಿದು ಮುಚ್ಚಿದ್ದು. ‘ಪಂಪ್ ಸ್ವಲ್ಪ ಏರಿಸುವ’ ಕೆಲಸ ಬಾಕಿಯಿತ್ತು. ಏರಿಸುವುದೆಂದರೆ ಇರುವ ಗಾಳಿಗೆ ಉರಿಸಲಾಗದಷ್ಟು ಡೀಸೆಲ್ ಸುರಿಯುವುದು. ಉರಿಯದೆ ಉಳಿದದ್ದು ಮಸಿಯಾಗಿ ಹೊರಬರುತ್ತದೆ. ಘಾಟಿಯ ತಿರುವಿನಲ್ಲಿ ಬಸ್ಸಿಗೆ ಕಾದು ನಿಂತ ಶಾಲೆಯ ಮಕ್ಕಳ ಮುಖಕ್ಕೆ ಬಡಿಯುವ ಆ ಕರಿಮುಗಿಲು ಶಕ್ತಿಯ ಗುರುತಲ್ಲ, ಬಂಕಿನಲ್ಲಿ ದುಡ್ಡು ಕೊಟ್ಟು ತಂದು ರಸ್ತೆಯ ಮೇಲೆ ಎರಚಿದ ಡೀಸೆಲ್. ಜೊತೆಗೆ ಹೊಗೆಯ ಉಷ್ಣ ಏರಿ ಟರ್ಬೊ, ಪಿಸ್ಟನ್ ಬೇಯುತ್ತವೆ. ಇಜಿಆರ್ ಮುಚ್ಚಿದರೆ ಸಾರಜನಕದ ಆಕ್ಸೈಡುಗಳು ಹೆಚ್ಚುತ್ತವೆ. ಅವು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಯಾರೂ ಬೈಯುವುದಿಲ್ಲ.

ಇದು ನಮ್ಮೊಬ್ಬರ ಪಾಡಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರ ನವೆಂಬರಿನಲ್ಲಿ ಒಂದು ವರದಿ ಹೊರತಂದಿತು. ಆ ಹಿಂದಿನ ಹತ್ತು ವರ್ಷಗಳಲ್ಲಿ ಅಲ್ಲಿನ 5.5 ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಂದ ಹೊಗೆ ತಡೆಯುವ ಸಲಕರಣೆಗಳನ್ನು ಕಿತ್ತು ಹಾಕಲಾಗಿದೆ ಎಂದು ಅದು ಅಂದಾಜಿಸಿತ್ತು. ಆ ಗಾಡಿಗಳು ತಮ್ಮ ಆಯುಷ್ಯದಲ್ಲಿ ಹೆಚ್ಚುವರಿಯಾಗಿ ಉಗುಳುವ ಸಾರಜನಕದ ಆಕ್ಸೈಡು 5.7 ಲಕ್ಷ ಟನ್ನಿಗೂ ಮಿಗಿಲು. ಕಿತ್ತದ್ದು ಕೆಲವರು, ಉಸಿರಾಡಿದ್ದು ಎಲ್ಲರೂ. ಅಲ್ಲಿನ ಶುದ್ಧ ಗಾಳಿ ಕಾಯಿದೆ ಇದನ್ನು ನಿಷೇಧಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ ಹೊಗೆಯ ಮೇಲೆ ಪರಿಣಾಮ ಬೀರಬಹುದಾದ ಇಂತಹ ಬಿಡಿಭಾಗಕ್ಕೆ ರಾಜ್ಯದ ವಾಯು ಮಂಡಳಿಯ ಆದೇಶಸಂಖ್ಯೆ ಬೇಕು.

ನಮ್ಮಲ್ಲಿ ಕಾನೂನು ಇಲ್ಲವೇ? ಇದೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಯಾರಕರ ವಿವರಕ್ಕೆ ಭಿನ್ನವಾಗಿ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮು ಬದಲಾಗಿ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ಅಥವಾ ಎರಡೂ ಎಂದಾಯಿತು. ಮಾಲೀಕನಿಗೆ ಎಂಬುದನ್ನು ಗಮನಿಸಿ. ಕೆಲಸ ಮಾಡಿ ಹಣ ಎಣಿಸಿಕೊಂಡ ವರ್ಕ್‌ಶಾಪಿನವನು ಅಂಗಡಿಯಲ್ಲೇ ಇರುತ್ತಾನೆ, ದಂಡ ಕಟ್ಟುವವನು ಸಾಲ ತೀರದ ಪಿಕಪ್ಪಿನ ಹುಡುಗ.

ಈ ಹುಡುಗನನ್ನು ಬೈಯಲು ನನಗೆ ನಾಲಿಗೆ ಏಳಲಿಲ್ಲ. ಗೊಬ್ಬರದ ಮೂಟೆ ಹೇರಿಕೊಂಡು ಮೂರನೆಯ ತಿರುವಿನಲ್ಲಿ ಗಾಡಿ ನಿಂತರೆ ಹಿಂದಿನಿಂದ ಹಾರ್ನ್ ಮಾಡುವವರು ಹತ್ತು ಮಂದಿ. ಆ ಅವಮಾನಕ್ಕೆ ಅವನಿಗೆ ಪರಿಹಾರ ಬೇಕಿತ್ತು, ಪರಿಹಾರವೆಂದು ಹೇಳಿಕೊಂಡು ಎದುರಿಗೆ ನಿಂತವನು ಒಬ್ಬನೇ. ನಾವೆಲ್ಲಿದ್ದೆವು? ಹೊಗೆಯ ವಿರುದ್ಧ ಭಿತ್ತಿಪತ್ರ ಅಂಟಿಸುತ್ತಿದ್ದೆವು. ಹೊಗೆ ಬರುವುದೇಕೆಂದು ಆತನೊಡನೆ ಕುಳಿತು ನೋಡಿದವರು ನಮ್ಮಲ್ಲಿ ಯಾರೂ ಇಲ್ಲ. ತಾಲ್ಲೂಕಿನ ಐಟಿಐ, ಪಾಲಿಟೆಕ್ನಿಕ್ಕುಗಳ ಮಕ್ಕಳು ತಿಂಗಳಿಗೊಂದು ಭಾನುವಾರ ಸಂತೆ ಮಾಳದಲ್ಲಿ ಕುಳಿತು ಫಿಲ್ಟರ್ ನೋಡಿ, ಹೋಸ್ ಬಿಗಿದು, ಸ್ಕ್ಯಾನರ್ ಓದಿ ಹೇಳುವಂತಾದರೆ ಹತ್ತು ಭಿತ್ತಿಪತ್ರಗಳಿಗಿಂತ ಹೆಚ್ಚು ಮಸಿ ಇಳಿಯುತ್ತದೆ. ಬೇಕಾದ ಉಪಕರಣ ಒಂದು ಜೋಳಿಗೆಯಲ್ಲಿ ಹಿಡಿಸುತ್ತದೆ. ಇದನ್ನು ಕಳೆದ ಸಭೆಯಲ್ಲಿ ಹೇಳಿದಾಗ ‘ನಾವೇನು ಗ್ಯಾರೇಜು ನಡೆಸುವ ಸಂಘವೇ’ ಎಂದು ಹಿರಿಯರೊಬ್ಬರು ನಕ್ಕರು. ಅವರೂ ಸಭೆಗೆ ಡೀಸೆಲ್ ಜೀಪಿನಲ್ಲೇ ಬಂದಿದ್ದರು.

ಆ ಪಿಕಪ್ಪಿನಲ್ಲಿ ನಿಜವಾದ ದೋಷವೇನಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಬಾನೆಟ್ ಎತ್ತಿ ಅರ್ಧ ಗಂಟೆ ಹುಡುಕಿದಾಗ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನ ಕೆಳಬದಿಯಲ್ಲಿ ಬೆರಳುದ್ದದ ಸೀಳು ಕಂಡಿತು. ಸುತ್ತ ಎಣ್ಣೆ ಜಿನುಗಿದ ಗುರುತು. ಟರ್ಬೊ ಒತ್ತಿ ಕೊಟ್ಟ ಗಾಳಿ ದಾರಿಯಲ್ಲೇ ಸೋರಿಹೋಗುತ್ತಿತ್ತು. ಗಾಳಿ ಕಡಿಮೆ, ಡೀಸೆಲ್ ಅಷ್ಟೇ, ಆದ್ದರಿಂದ ಎಳೆತವೂ ಇಲ್ಲ, ಹೊಗೆಯೂ ಹೆಚ್ಚು. ಹೊಸ ಹೋಸ್, ಎರಡು ಕ್ಲಿಪ್, ಒಂದು ಏರ್ ಫಿಲ್ಟರ್ ಹಾಕಿದೆವು. ಇಜಿಆರಿಗೆ ಬಡಿದಿದ್ದ ತಗಡನ್ನು ತೆಗೆದೆವು. ಅದೇ ಹೊರೆಯೊಂದಿಗೆ ಗಾಡಿ ಘಾಟಿ ಹತ್ತಿತು, ಹಿಂದೆ ಸೈಕಲ್ಲಿನಲ್ಲಿ ಬರುವವರೂ ಮೂಗು ಮುಚ್ಚಬೇಕಾಗಲಿಲ್ಲ. ಕಿತ್ತ ಕವಾಟವನ್ನು ಮಾತ್ರ ವರ್ಕ್‌ಶಾಪಿನವರು ಇನ್ನೂ ಮರಳಿಸಿಲ್ಲ, ಮುಂಗಡವನ್ನೂ ಕೊಟ್ಟಿಲ್ಲ. ಆದ್ದರಿಂದ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ನಿನ ಹಳದಿ ದೀಪ ಉರಿಯುತ್ತಲೇ ಇದೆ, ಕೀ ಆರಿಸಿದಾಗ ಗಾಡಿ ಒಮ್ಮೆ ನಡುಗಿ ನಿಲ್ಲುತ್ತದೆ. ಹಳೆಯ ಭಾಗವನ್ನು ಕೇಳಿ ಪಡೆಯಲು ಬರುವ ಸೋಮವಾರ ಅವನೊಡನೆ ಪೇಟೆಗೆ ಹೋಗುತ್ತಿದ್ದೇನೆ. ಜೊತೆಗೆ ಬರುವವರು ಬೆಳಗಿನ ಮೊದಲ ಬಸ್ಸಿಗೆ ಬನ್ನಿ.